ಬೋರ್ಡಿಂಗಿನ ಟೊಪಗಿ, ಬೀರೋಬಾನ ಡೊಳ್ಳು

ಸೊಲ್ಲಾಪುರದ ಬೋರ್ಡಿಂಗಿನಲ್ಲಿ ನಮ್ಮ ದಿನ ಗಂಟೆಯಿಂದ ಶುರುವಾಗಿ ಗಂಟೆಯಿಂದಲೇ ಮುಗಿಯುತ್ತಿತ್ತು. ಮೊದಲ ಗಂಟೆಗೆ ಏಳಬೇಕು, ಹಾಸಿಗೆ ಸುತ್ತಿ ಗೋಡೆಗೆ ಒರಗಿಸಬೇಕು. ಮುಂದಿನ ಗಂಟೆಗೆ ತಣ್ಣೀರಿನ ಸ್ನಾನ. ಆಮೇಲೆ ಪ್ರಾರ್ಥನೆ, ಕವಾಯತು, ಅಂಗಳ ಗುಡಿಸುವುದು, ಜೋಳದ ರೊಟ್ಟಿ ಮತ್ತು ತೆಳ್ಳನೆಯ ಬೇಳೆ, ಶಾಲೆ. ಸಂಜೆ ಮತ್ತೆ ಪ್ರಾರ್ಥನೆ, ಮತ್ತೆ ಓದು. ಬಿಳಿ ಅಂಗಿ, ಖಾಕಿ ಚಡ್ಡಿ, ಬಿಳಿ ಟೊಪಗಿ. ಟೊಪಗಿ ಇಲ್ಲದೆ ಪ್ರಾರ್ಥನೆಗೆ ಬಂದವನು ಆ ದಿನ ಎಲ್ಲರ ತಾಟು ತೊಳೆಯಬೇಕು. ಈ ಕ್ರಮ ನನಗೆ ಹಿಡಿಸಿತ್ತು. ಈಗಲೂ ಹಾಸಿಗೆ ಸುತ್ತದೆ ನಾನು ಹಲ್ಲುಜ್ಜಲು ಹೋಗುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು ಇದು. ಅಕ್ಕಲಕೋಟೆ ಸೀಮೆಯ ಹಳ್ಳಿಗಳಿಂದ ಬಂದ ಹುಡುಗರಿಗೆ ಅಲ್ಲಿ ಊಟ, ವಸತಿ ಎರಡೂ ಪುಕ್ಕಟೆ. ಅಲ್ಲಿ ಜಾಗ ಸಿಗದಿದ್ದರೆ ನಾನು ಮ್ಯಾಟ್ರಿಕ್ ಓದುವ ಪ್ರಶ್ನೆಯೇ ಇರಲಿಲ್ಲ. ತಂದೆಯ ಹಿಂದೆ ಕುರಿಹಿಂಡು ಕಾಯುತ್ತಾ ಹೋಗುತ್ತಿದ್ದೆ. ಈ ಮಾತನ್ನು ಬೋರ್ಡಿಂಗಿನ ಸುಪರಿಂಟೆಂಡೆಂಟರು ನಮಗೆ ಆಗಾಗ ನೆನಪಿಸುತ್ತಿದ್ದರು. ಅವರು ಮರಾಠಿಯವರು. ಖಾದಿ ತೊಡುತ್ತಿದ್ದರು, ಸಂಜೆಯ ಓದಿನ ಹೊತ್ತಿನಲ್ಲಿ ನಮಗೆ ಭೂಗೋಳ ಕಲಿಸುತ್ತಿದ್ದರು. ನಾವು ಅವರನ್ನು ಗುರುಜಿ ಎನ್ನುತ್ತಿದ್ದೆವು. ಪ್ರಾರ್ಥನೆಯೂ ನಡೆಯುತ್ತಿದ್ದ ಊಟದ ಮನೆಯ ಗೋಡೆಯ ಮೇಲೆ ಅವರು ತಾವೇ ಬಣ್ಣದಲ್ಲಿ ಬರೆಸಿದ್ದ ನಿಯಮಗಳಿದ್ದವು. ಅದರಲ್ಲೊಂದು: ನಾಟಕ, ತಮಾಷಾ, ಹಾಡಿಕೆಗಳಿಗೆ ಹೋಗುವ ವಿದ್ಯಾರ್ಥಿಯ ಹೆಸರನ್ನು ಬೋರ್ಡಿಂಗಿನಿಂದ ತೆಗೆಯಲಾಗುವುದು.

ನಾನು ಹಾಡಿಕೆಗೆ ಹೋಗುತ್ತಿದ್ದೆ. ಕೇಳಲು ಅಲ್ಲ, ಹಾಡಲು.

ನಮ್ಮ ಸೀಮೆಯಲ್ಲಿ ಕುರಿಗಾರರ ದೇವರು ಬೀರೋಬಾನ ಗುಡಿಯ ಮುಂದೆ ಡೊಳ್ಳಿನ ಹಾಡಿಕೆ ನಡೆಯುತ್ತದೆ. ಎರಡು ಮೇಳಗಳು ಎದುರು ಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡಲಾಗದಿದ್ದರೆ ಡೊಳ್ಳನ್ನು ಕೊರಳಿನಿಂದ ಇಳಿಸಿ ನೆಲಕ್ಕಿಡಬೇಕು. ಇಳಿಸಿದ ಡೊಳ್ಳನ್ನು ಆ ಊರಿನಲ್ಲಿ ಆ ವರ್ಷ ಮತ್ತೆ ಬಾರಿಸುವಂತಿಲ್ಲ. ನನ್ನ ಸೋದರಮಾವ ಒಂದು ಮೇಳದ ಮುಖ್ಯಸ್ಥ. ನಮ್ಮ ತಂದೆ ವರ್ಷದ ಹೆಚ್ಚು ಕಾಲ ಹಿಂಡಿನ ಜೊತೆ ಊರ ಹೊರಗೇ ಇರುತ್ತಿದ್ದ. ಹಾಗಾಗಿ ನನ್ನನ್ನು ಶಾಲೆಗೆ ಹಾಕಿದವನೂ ಮಾಮಾ, ಡೊಳ್ಳಿನ ಮುಂದೆ ನಿಲ್ಲಿಸಿದವನೂ ಮಾಮಾ. ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ ಎಂಬುದು ಅವನ ತಲೆಗೆ ಎಂದೂ ಹೋಗಲಿಲ್ಲ.

ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ನಮಗೆ ಊರಿಗೆ ಹೋಗಲು ಬಿಡುತ್ತಿದ್ದರು. ಭಾನುವಾರ ಸಂಜೆಯ ಪ್ರಾರ್ಥನೆಗೆ ಹಾಜರಿರಬೇಕು. ನಾನು ರೈಲಿನಲ್ಲಿ ದುಧನಿಗೆ ಬಂದು ಇಳಿಯುತ್ತಿದ್ದೆ. ಊರಿನ ದಾರಿಯಲ್ಲಿ ಒಂದು ಹೊಲದ ಬಾವಿ. ಅಲ್ಲಿ ಮಾಮಾ ಗಂಟು ಹಿಡಿದುಕೊಂಡು ಕೂತಿರುತ್ತಿದ್ದ. ಚಡ್ಡಿ, ಟೊಪಗಿ ಗಂಟಿನೊಳಗೆ ಹೋದರೆ ಧೋತರ, ತಲೆಗೆ ಸುತ್ತುವ ಪಟಕಾ, ಕಂಬಳಿ ಹೊರಗೆ ಬರುತ್ತಿದ್ದವು. ಅಂಗಿ ಮಾತ್ರ ಬೋರ್ಡಿಂಗಿನದೇ.

"ಅಳಿಯಾ, ನೀ ಸಾಲಿ ಕಲಿತೀ ಅಂತ ಹಾಡ್ಕಿ ಮಂದಿ ಮುಂದ ಬಾಯಿ ಬಿಡಬ್ಯಾಡ," ಎಂದು ಮಾಮಾ ಪ್ರತಿ ಸಲ ಹೇಳುತ್ತಿದ್ದ. "ಬುಕ್ಕಿನಾಗ ನೋಡಿ ಹಾಡ್ತಾರ ಅಂತ ಆಡ್ಕೋತಾರ. ನಮ್ಮ ಹಾಡು ಗುರುವಿನ ಬಾಯಿಂದ ಕಿವೀಗಿ ಬಂದದ್ದು."

"ಬೋರ್ಡಿಂಗಿನಾಗೂ ಬಾಯಿ ಬಿಡಂಗಿಲ್ಲ, ಇಲ್ಲೂ ಬಿಡಂಗಿಲ್ಲ. ಮತ್ತ ಬಾಯಿ ಯಾವಾಗ ಬಿಡಲಿ ಮಾಮಾ?"

"ಡೊಳ್ಳು ಬಿದ್ದಾಗ ಬಿಡು. ಆಗ ಮುಚ್ಚಬ್ಯಾಡ."

ಹೀಗೆ ಸೊಲ್ಲಾಪುರದಲ್ಲಿ ಹಾಡುಗಾರನನ್ನು ಯಾರೂ ಕಂಡಿರಲಿಲ್ಲ, ಹಾಡಿಕೆಯಲ್ಲಿ ವಿದ್ಯಾರ್ಥಿಯನ್ನು ಯಾರೂ ಕಂಡಿರಲಿಲ್ಲ. ನನ್ನದು ಏರುದನಿ. ಮಾಮಾ ಸಾಲು ಎತ್ತಿಕೊಟ್ಟರೆ ನಾನು ಅದನ್ನು ಗುಡಿಯ ಹಿಂದಿನ ಬೇವಿನ ಮರದ ತನಕ ಮುಟ್ಟಿಸುತ್ತಿದ್ದೆ. ಮೂರು ವರ್ಷ ಹೀಗೆ ನಡೆಯಿತು. ಒಂದು ಪ್ರಾರ್ಥನೆಯೂ ತಪ್ಪಲಿಲ್ಲ.

ಸಿಕ್ಕಿಬೀಳುವ ಹಾಗಾದದ್ದು ಭಂಡಾರದಿಂದ. ಗೆದ್ದ ಮೇಳದವರ ಮೇಲೆ ಜನ ಭಂಡಾರ ಎರಚುತ್ತಾರೆ, ಅಂದರೆ ದೇವರ ಅರಿಸಿನಪುಡಿ. ಮ್ಯಾಟ್ರಿಕ್ ಪರೀಕ್ಷೆಯ ವರ್ಷ, ಚಳಿಗಾಲದ ಒಂದು ಭಾನುವಾರ, ನಾವು ದೊಡ್ಡ ಮೇಳವೊಂದನ್ನು ಸೋಲಿಸಿದೆವು. ಜನ ಮುಷ್ಟಿಗಟ್ಟಲೆ ಎರಚಿದರು. ಸಂಜೆಯ ಪ್ರಾರ್ಥನೆಗೆ ಬೇರೆ ಅಂಗಿ ತೊಟ್ಟು ಪಾರಾದೆ. ಸೋಮವಾರ ತೊಟ್ಟಿಯ ಬಳಿ ಅಂಗಿಗೆ ಸಾಬೂನು ಹಚ್ಚಿದ್ದೇ ತಡ, ಹಳದಿಯೆಲ್ಲ ಕೆಂಪಾಗಿ ನಿಂತಿತು. ಬರೀ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಬೇಕು ಎಂದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಬೋರ್ಡಿಂಗಿನಲ್ಲಿ ಸೋಮವಾರವೆಂದರೆ ಸಾಬೂನಿನ ದಿನ, ಕೈ ತಾನಾಗಿ ಸಾಬೂನಿಗೆ ಹೋಗಿತ್ತು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದವನು ನನ್ನ ಕೋಣೆಯ ಗೆಳೆಯ, ವಳಸಂಗದವನು. ಕಣ್ಣು ಅರಳಿಸಿ ನೋಡಿದ.

"ಏನಲೇ, ಯಾರನ್ನ ಕಡದ ಬಂದೀ?"

"ಸುಮ್ಕಿರಲೇ. ಭಂಡಾರ."

"ನಮ್ಮೂರಾಗೂ ಭಂಡಾರ ಹಚ್ತಾರ. ಹಣೀಗಿ ಹಚ್ತಾರ. ನಿನಗ ಬೆನ್ನಿಗಿ ಹಣಿ ಐತೇನ?"

ಸರಿಯಾಗಿ ಇದೇ ಪ್ರಶ್ನೆಯನ್ನು ಗುರುಜಿ ಸಂಜೆ ಕೇಳಿದರು. ಒಣಹಾಕಿದ ಬಟ್ಟೆಗಳನ್ನು ನೋಡುತ್ತಾ ಹೋಗುವುದು ಅವರ ರೂಢಿ. ನನ್ನ ಅಂಗಿಯ ಮುಂದೆ ನಿಂತು "ಹೇ ಕಾಯ ರೇ?" ಎಂದರು, ಇದೇನೋ ಎಂದು. ಅವರ ಮಾತೆಲ್ಲ ಮರಾಠಿ, ಇನ್ನು ಮುಂದೆ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ದೇವರ ಭಂಡಾರ, ಗುರುಜಿ."

"ಭಂಡಾರ ಹಣೆಗೆ ಹಚ್ಚುತ್ತಾರೆ. ಹೆಗಲು, ಬೆನ್ನು ಎಲ್ಲ ತುಂಬುವ ಹಾಗೆ ಯಾರು ಎರಚಿದರು? ಯಾಕೆ ಎರಚಿದರು?"

"ದೇವರ ಪಲ್ಲಕ್ಕಿ ಇತ್ತು, ಗುರುಜಿ. ಗದ್ದಲದಲ್ಲಿ ಬಿತ್ತು."

ಅವರು ಅಂಗಿಯನ್ನು ಹಗ್ಗದಿಂದ ತೆಗೆದು ನನ್ನ ಕೈಗಿತ್ತರು. "ದೇವರ ಕೆಲಸಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಹಾಡಿಕೆಯಲ್ಲಿ ನಿನ್ನನ್ನು ಕಂಡೆನೆಂದರೆ ಪರೀಕ್ಷೆ ನಾಳೆ ಇದ್ದರೂ ಇವತ್ತು ನಿನ್ನ ಹೆಸರು ತೆಗೆಯುತ್ತೇನೆ. ತಿಳಿಯಿತೇ?"

ತಿಳಿದಿತ್ತು. ನಾನು ಮಾಮಾನಿಗೆ ಹೇಳಿ ಕಳಿಸಿದೆ: ಪರೀಕ್ಷೆ ಮುಗಿಯುವ ತನಕ ಹಾಡಿಕೆಗೆ ಬರುವುದಿಲ್ಲ. ಮಾಮಾ ಇಲ್ಲವೆನ್ನಲಿಲ್ಲ.

ಜೋಳದ ರಾಶಿಯ ಕಾಲಕ್ಕೆ ಗುರುಜಿ ಹಳ್ಳಿಗಳಿಗೆ ಹೋಗಿ ಬೋರ್ಡಿಂಗಿನ ಅಡುಗೆಮನೆಗೆ ಕಾಳು ಕೂಡಿಸುತ್ತಿದ್ದರು. ಆ ಕಾಳಿನ ಮೇಲೆಯೇ ನಾವು ವರ್ಷವೆಲ್ಲ ಉಣ್ಣುತ್ತಿದ್ದುದು. ಆ ವರ್ಷ ಅವರು ಕರಜಗಿಯ ಕಡೆ ಹೊರಟರು. ಆ ಹಳ್ಳಿಗಳಲ್ಲಿ ಕನ್ನಡವೇ ನಡೆಯುವುದು, ಅವರಿಗೆ ಕನ್ನಡ ಬಾರದು. ಮಾತು ತಿಳಿಸಿ ಹೇಳಲು ಒಬ್ಬ ಹುಡುಗ ಬೇಕಾಯಿತು. ಆ ಸೀಮೆಯವನೆಂದು ನನ್ನನ್ನೇ ಆರಿಸಿದರು. ಸರಕಾರಿ ಎಸ್ಟಿ ಬಸ್ಸಿನಲ್ಲಿ ಕರಜಗಿಗೆ ಹೋದೆವು. ಭಾನುವಾರ ಬೆಳಿಗ್ಗೆ ಬಾಡಿಗೆಯ ಎತ್ತಿನ ಗಾಡಿ ಹತ್ತಿ ಹಳ್ಳಿಗಳ ಮೇಲೆ ಹೊರಟೆವು.

ಮೊದಲ ಎರಡು ಹಳ್ಳಿಗಳಲ್ಲಿ ಬುಟ್ಟಿ ಬುಟ್ಟಿಯಾಗಿ ಕಾಳು ಬಂತು, ಗಾಡಿಯ ತಳ ಮುಚ್ಚಲಿಲ್ಲ. ಮೂರನೆಯ ಹಳ್ಳಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ಡೊಳ್ಳು. ಆ ಪೆಟ್ಟು ನಾನು ಬಲ್ಲೆ. ನಮ್ಮ ಮೇಳದ್ದು.

"ಗುರುಜಿ, ಈ ಊರಲ್ಲಿ ಇವತ್ತು ಗದ್ದಲ ಇದ್ದ ಹಾಗಿದೆ. ಮುಂದಿನ ಊರಿಗೆ ಹೋಗೋಣವೇ?"

"ಊರಿನವರೆಲ್ಲ ಒಂದೇ ಕಡೆ ಸೇರಿದ್ದಾರೆ ಎಂದರೆ ನಮಗೆ ಇನ್ನೂ ಒಳ್ಳೆಯದಲ್ಲವೇ? ಮನೆ ಮನೆ ತಿರುಗುವುದು ತಪ್ಪಿತು," ಎಂದು ಅವರು ಗಾಡಿಯಿಂದ ಇಳಿದೇಬಿಟ್ಟರು.

ಗುಡಿಯ ಮುಂದೆ ಊರಿಗೆ ಊರೇ ಕೂತಿತ್ತು. ಒಂದು ಕಡೆ ಮಾಮಾನ ಮೇಳ, ಎದುರಿಗೆ ಭೀಮಾ ನದಿಯ ದಂಡೆಯ ಮೇಳ. ಆ ಮೇಳದ ಹಿರಿಯ ದಪ್ಪ ಮೀಸೆಯ ಮುದುಕ. ಅವನ ಸವಾಲಿಗೆ ಬಗ್ಗದ ಮೇಳ ನಮ್ಮ ಸೀಮೆಯಲ್ಲಿ ಕಡಿಮೆ. ನಾನು ಟೊಪಗಿಯನ್ನು ಹುಬ್ಬಿನ ತನಕ ಎಳೆದುಕೊಂಡು ಗುರುಜಿಯ ಹಿಂದೆ ನಿಂತೆ. ಗುರುಜಿ ಊರಿನ ಒಬ್ಬ ಹಿರಿಯನ ಬಳಿ ನನ್ನನ್ನು ಕಳಿಸಿದರು. ಬೋರ್ಡಿಂಗಿನ ಹುಡುಗರ ಊಟಕ್ಕೆ ಜೋಳ ಬೇಕೆಂದು ಹೇಳಿದೆ.

"ಈಗಲ್ಲೋ ತಮ್ಮಾ," ಎಂದ ಆ ಹಿರಿಯ. "ಸವಾಲು ಬಿದ್ದದ. ಜವಾಬು ಬರೂತನಕ ಇಲ್ಲಿ ಯಾರೂ ಕಾಳಿನ ಮಾತ ಕೇಳಂಗಿಲ್ಲ. ಸಾಹೇಬ್ರಿಗಿ ಕೂಡ್ರಂತ ಹೇಳು."

ಬಂದು ಹೇಳಿದೆ. ಗುರುಜಿ ಗಡಿಯಾರ ನೋಡಿಕೊಂಡರು. "ಅದೆಂಥ ಸವಾಲು?"

ಮೀಸೆಯ ಮುದುಕ ಸವಾಲನ್ನು ಮತ್ತೊಮ್ಮೆ ಹಾಡಿದ. ಉತ್ತರ ಬಾರದಿದ್ದರೆ ಹೀಗೆ ಮತ್ತೆ ಮತ್ತೆ ಹಾಡಿ ಕೆಣಕುತ್ತಾರೆ.

ಭೀಮವ್ವ ಹುಟ್ಟಿದ ತವರ ಯಾವುದೊ ಹೇಳೊ,
ಹಾದ್ಯಾಗ ಕೈಹಿಡಿದ ತಂಗೇರು ಯಾರ್ಯಾರೊ,
ಕಡೀಗಿ ಯಾರ ಉಡಿಯಾಗ ಬಿದ್ದಳೊ?

ಮಾಮಾನಿಗೆ ತವರು ಗೊತ್ತು, ನಾಲ್ಕಾರು ತಂಗಿಯರೂ ಗೊತ್ತು. ಹಿಂಡಿನ ಹಿಂದೆ ತಿರುಗಿದವರು ತಾವು ದಾಟಿದ ಹೊಳೆ ಬಲ್ಲರು. ಆದರೆ ಮೇಲಿನಿಂದ ಕೆಳಗಿನ ತನಕ ಒಂದೂ ಬಿಡದೆ ಸಾಲಾಗಿ ಹೇಳುವವರು ನಮ್ಮಲ್ಲಿ ಇರಲಿಲ್ಲ. ಮಾಮಾ ಹಣೆ ಒರೆಸಿಕೊಳ್ಳುತ್ತಿದ್ದ.

"ಏನೋ ಗುಡ್ಡದ ಗೌಡಾ," ಎಂದು ಮುದುಕ ನಗೆಯಾಡಿದ. "ನೀರ ಕಂಡಿದ್ದರ ತಾನ ಹೇಳ್ತೀ? ಡೊಳ್ಳು ಭಾಳ ಭಾರಾಗಿರಬೇಕು, ಇಳಸು, ಕೊರಳು ಹಗುರಾಗಲಿ!"

ಜನ ಕೇಕೆ ಹಾಕಿದರು. ಗುರುಜಿ ನನ್ನ ಹೆಗಲು ತಟ್ಟಿ ಏನೆಂದು ಕೇಳಿದರು. ನಾನು ಸವಾಲನ್ನು ಮರಾಠಿಯಲ್ಲಿ ಹೇಳಿದೆ. ಅವರ ಮುಖ ಬದಲಾಯಿತು.

"ಅರೆ, ಇದು ಭೂಗೋಳ! ಭೀಮೆಯ ಉಪನದಿಗಳು. ನಕಾಶೆ ಬರೆಸಿ ನಾನೇ ಕಲಿಸಿದ್ದೇನೆ. ನಿನಗೆ ಬರುವುದಿಲ್ಲವೇ?"

"ಬರುತ್ತದೆ, ಗುರುಜಿ."

"ಹೇಳು ನೋಡೋಣ."

ಹೇಳಿದೆ. ಒಂದೂ ತಪ್ಪಲಿಲ್ಲ.

"ಮತ್ತೆ ಯಾಕೆ ನಿಂತಿದ್ದೀ? ಹೋಗಿ ಅವರಿಗೆ ಹೇಳು. ಇದು ಮುಗಿಯಲಿ, ನಮ್ಮ ಕೆಲಸ ಆಗಲಿ."

"ಹಾಗೆ ಹೇಳಿದರೆ ಒಪ್ಪುವುದಿಲ್ಲ, ಗುರುಜಿ. ಹಾಡಬೇಕು."

"ಹಾಡು! ಇಷ್ಟು ಹುಡುಗರ ಊಟ ನಿಂತಿದೆ, ನಿನಗೆ ನಾಚಿಕೆಯೇ?"

ಆ ಕ್ಷಣದಲ್ಲಿ ನನಗೆ ಎರಡೂ ಗೊತ್ತಿದ್ದವು. ನಾನು ಬಾಯಿ ತೆರೆದರೆ, ಇವನು ಇವತ್ತೇ ಹಾಡಿದವನಲ್ಲ ಎಂದು ಗುರುಜಿಗೆ ತಿಳಿಯುತ್ತದೆ. ತೆರೆಯದಿದ್ದರೆ ಮಾಮಾ ಕೊರಳಿನ ಹಗ್ಗ ಬಿಚ್ಚುತ್ತಾನೆ. ಅವನ ಕೈ ಆಗಲೇ ಗಂಟಿನ ಮೇಲಿತ್ತು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಪಕ್ಕದಲ್ಲಿ ನಿಂತೆ. ಟೊಪಗಿ, ಚಡ್ಡಿ, ಎಲ್ಲ ಹಾಗೆಯೇ.

ಮಾಮಾ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ. ತನ್ನ ಕಂಬಳಿ ತೆಗೆದು ನನ್ನ ಹೆಗಲ ಮೇಲೆ ಹಾಕಿ ಡೊಳ್ಳಿಗೆ ಪೆಟ್ಟು ಕೊಟ್ಟ.

ಹಾಡಿದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಅವಳನ್ನು ಹುಟ್ಟಿಸಿದೆ. ಇಂದ್ರಾಯಣಿಯನ್ನು ತಂದು ಕೈ ಹಿಡಿಸಿದೆ, ಮುಳಾ-ಮುಠಾ ಜೋಡಿ ತಂಗಿಯರನ್ನು ಕರೆತಂದೆ. ಘೋಡ, ನೀರಾ, ಮಾಣ. ಸೀನೆ ಬಂದಾಗ ಸೊಲ್ಲಾಪುರದ ಕಡೆಯವರು ಹೋ ಎಂದರು. ನಮ್ಮ ಬೋರಿ ಬಂದಾಗ ಹೆಂಗಸರೆಲ್ಲ ಎದ್ದು ನಿಂತರು. ಕಾಗಿಣೆಯನ್ನೂ ಕೂಡಿಸಿಕೊಂಡು ರಾಯಚೂರು ಸೀಮೆಯಲ್ಲಿ ಅವಳನ್ನು ಅಕ್ಕ ಕೃಷ್ಣೆಯ ಉಡಿಯಲ್ಲಿ ಹಾಕಿದೆ. ನಕಾಶೆ ಕಣ್ಣ ಮುಂದಿತ್ತು, ದನಿ ತಾನಾಗಿ ಇಳಿಜಾರಿನಲ್ಲಿ ಹರಿಯಿತು. ಹಿಮ್ಮೇಳದವರು ಪ್ರತಿ ತಂಗಿಗೂ ಒಂದೊಂದು ಪೆಟ್ಟು ಹೆಚ್ಚು ಕೊಟ್ಟರು.

ಮುದುಕ ಕೈ ಎತ್ತಿ ಡೊಳ್ಳು ನಿಲ್ಲಿಸಿದ. "ಇದ ನಡಿಯಂಗಿಲ್ಲ! ಇಂವನ ಟೊಪಗಿ ನೋಡ್ರೆಪಾ, ಟೊಪಗಿ! ಸಾಲಿ ಹುಡುಗ. ಬುಕ್ಕಿನ ಹುಳ. ಗುರುವಿನ ಬಾಯಿಂದ ಬಂದ ಜವಾಬಲ್ಲ ಇದು!"

"ಇದೂ ಗುರುವಿನ ಬಾಯಿಂದಲೇ ಬಂದದ್ರೀ ಅಜ್ಜಾ," ಎಂದೆ ನಾನು. "ಗುರುಗಳು ಅಲ್ಲೇ ನಿಂತಾರ, ಕೇಳ್ರಿ."

ಎಲ್ಲರೂ ತಿರುಗಿ ಖಾದಿ ತೊಟ್ಟ ಗುರುಜಿಯನ್ನು ನೋಡಿದರು. ಏನೂ ತಿಳಿಯದ ಅವರು ಕೈ ಮುಗಿದರು. ದೊಡ್ಡ ನಗೆ ಎದ್ದಿತು. ಆದರೆ ಮುದುಕ ನಗಲಿಲ್ಲ.

"ಹಂಗಾರ ಒಂದ ಮಾತ," ಎಂದ. "ಯಾವ ಬುಕ್ಕಿನಾಗೂ ಇರದ್ದು ಕೇಳ್ತೀನಿ. ಹೇಳಿದ್ಯೋ, ನನ್ನ ಡೊಳ್ಳು ನಾ ಇಳಸ್ತೀನಿ. ಹೇಳಲಿಲ್ಲೋ, ಈ ಗುಡ್ಡದ ಗೌಡ ಇಳಸ್ತಾನ. ಸೈ?"

ಮಾಮಾ ನನ್ನ ಕಡೆ ನೋಡಲೂ ಇಲ್ಲ. "ಸೈ," ಎಂದ.

ಮರಿ ಸತ್ತ ತಾಯೊಂದು, ತಾಯಿ ಸತ್ತ ಮರಿಯೊಂದು,
ಎರಡಕ್ಕು ನಂಟ ಬೆಸದಾನ ಕುರಿಗಾರ,
ಏನ ಮಾಡಿ ಬೆಸದಾನೊ ಹೇಳೊ?

ಅಲ್ಲಿ ಕೂತಿದ್ದ ಕುರಿಗಾರರಿಗೆಲ್ಲ ಉತ್ತರ ಗೊತ್ತಿತ್ತು. ಟೊಪಗಿಯ ಹುಡುಗನಿಗೆ ಗೊತ್ತಿದೆಯೇ ಎಂಬುದೇ ಪರೀಕ್ಷೆ. ಹಿಂದಿನ ದೀಪಾವಳಿಯ ರಜೆಯಲ್ಲಿ ನಾನು ತಂದೆಯ ಹಿಂಡಿನಲ್ಲಿದ್ದೆ. ಆ ಕೆಲಸವನ್ನು ನನ್ನ ಈ ಕೈಗಳೇ ಮಾಡಿದ್ದವು. ಪದ ಕಟ್ಟಿರಲಿಲ್ಲ, ನಿಂತಲ್ಲೇ ಕಟ್ಟಿದೆ. ಸತ್ತ ಮರಿಯ ತೊಗಲನ್ನು ಬಾಲ ಸಮೇತ ಬಿಡಿಸಬೇಕು, ಕಾಲಿನ ತೂತುಗಳಲ್ಲಿ ತಬ್ಬಲಿ ಮರಿಯ ಕಾಲು ತೂರಿಸಿ ಅಂಗಿಯ ಹಾಗೆ ತೊಡಿಸಬೇಕು. ತಾಯಿ ದೂರದಿಂದ ಕೂಗು ಕೇಳಿ ಅನುಮಾನ ಪಡುತ್ತದೆ, ಒದೆಯುತ್ತದೆ. ಹತ್ತಿರ ಬಂದು ಬಾಲದ ಬುಡ ಮೂಸಿದಾಗ ಅದರ ಕಾಲು ನಿಲ್ಲುತ್ತದೆ, ಹಾಲು ಇಳಿಯುತ್ತದೆ. ತನ್ನ ಹಾಲಿನ ವಾಸನೆಯೇ ಮರಿಯ ಮೈಯಿಂದ ಬರುವ ತನಕ ಕಾದು, ತೊಗಲನ್ನು ಒಮ್ಮೆಲೇ ಅಲ್ಲ, ತುಸು ತುಸುವೇ ಕತ್ತರಿಸಿ ತೆಗೆಯಬೇಕು. ಈ ಕಡೆಯ ಮಾತು ಹೊಸ ಕುರಿಗಾರರಿಗೆ ಗೊತ್ತಿರುವುದಿಲ್ಲ. ಅದನ್ನು ಹಾಡಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಮುದುಕರು ತೊಡೆ ತಟ್ಟಿದರು.

ಮೀಸೆಯ ಮುದುಕ ತನ್ನ ಕೊರಳ ಹಗ್ಗ ತಾನೇ ಬಿಚ್ಚಿ ಡೊಳ್ಳನ್ನು ನೆಲಕ್ಕಿಟ್ಟ. ನನ್ನ ಬಳಿ ಬಂದು ಗಲ್ಲ ಹಿಡಿದ. "ಟೊಪಗಿ ಹಾಕ್ಕೊಂಡರೇನಾತು, ಕುರಿ ಹಾಲ ಕುಡದ ಬೆಳದಾನ ಮಗ," ಎಂದು ಜನರಿಗೆ ಸಾರಿದ. ಮಾಮಾ ತನ್ನ ಡೊಳ್ಳನ್ನು ಹಿಮ್ಮೇಳದವನಿಗೆ ಕೊಟ್ಟು ನನ್ನನ್ನು ಹೆಗಲ ಮೇಲೆ ಎತ್ತಿದ. ಮೀಸೆ ಚಿಗುರಿದ ಹುಡುಗನನ್ನು ಎತ್ತುವುದು ಸುಲಭವಲ್ಲ, ಇಬ್ಬರೂ ವಾಲಾಡಿದೆವು.

ಹೆಗಲ ಮೇಲಿಂದಲೇ ನಾನು ಬೋರ್ಡಿಂಗಿನ ಕಾಳಿನ ಮಾತು ಎತ್ತಿದೆ. ಇಂಥ ಹಳ್ಳಿಗಳ ಹುಡುಗರೇ ಅಲ್ಲಿ ಉಣ್ಣುವುದು ಎಂದೆ. ಊರಿನವರು ಬುಟ್ಟಿ ಬಿಟ್ಟು ಚೀಲ ತಂದರು. ಸೋತ ಮೇಳದ ಮುದುಕ ಹಾಡಿಕೆಗೆಂದು ತನ್ನ ಪಾಲಿಗೆ ಬಂದಿದ್ದ ಜೋಳವನ್ನೂ ಗಾಡಿಗೆ ಸುರಿಸಿದ. ನಾವು ಕೂರಲು ಜಾಗ ಉಳಿಯಲಿಲ್ಲ. ಗುರುಜಿ ಮತ್ತು ನಾನು ಗಾಡಿಯ ಪಕ್ಕದಲ್ಲಿ ನಡೆದೆವು.

ಕರಜಗಿಯ ತನಕ ಅವರು ಗಾಡಿಯ ಚೀಲಗಳನ್ನೇ ಎಣಿಸುತ್ತಾ ನಡೆದರು. ಬಸ್ಸಿನಲ್ಲಿ ಆ ಲೆಕ್ಕವನ್ನು ವಹಿಯಲ್ಲಿ ಬರೆದರು. ನಾನು ಹಾಸಿಗೆ ಕಟ್ಟುವ ಲೆಕ್ಕ ಹಾಕುತ್ತಿದ್ದೆ.

ಮರುದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು.

"ಇವನು ನಿನ್ನೆ ಹಾಡಿಕೆಯಲ್ಲಿ ಹಾಡಿದ್ದಾನೆ. ನಾನು ಕಣ್ಣಾರೆ ಕಂಡೆ. ನಿಯಮ ಗೋಡೆಯ ಮೇಲಿದೆ." ಹುಡುಗರೆಲ್ಲ ಗೋಡೆಯ ಕಡೆ ತಿರುಗಿದರು. "ಹಾಡು ಎಂದು ಕಳಿಸಿದವನು ನಾನು. ಹೆಸರು ತೆಗೆಯುವುದಾದರೆ ಮೊದಲು ನನ್ನದು ತೆಗೆಯಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಇದಕ್ಕೂ ಮೊದಲು ಹಾಡಿದ್ದೀಯಾ?"

"ಹಾಡಿದ್ದೇನೆ, ಗುರುಜಿ. ಮೂರು ವರ್ಷದಿಂದ."

"ಭಾನುವಾರದ ಪ್ರಾರ್ಥನೆ ಎಂದಾದರೂ ತಪ್ಪಿಸಿದ್ದೀಯಾ?"

"ಇಲ್ಲ, ಗುರುಜಿ."

"ಯಾವುದಾದರೂ ವಿಷಯದಲ್ಲಿ ನಾಪಾಸಾಗಿದ್ದೀಯಾ?"

"ಇಲ್ಲ, ಗುರುಜಿ."

ಅವರು ಗೋಡೆಯ ನಿಯಮದ ಕಡೆಗೆ ನಡೆದರು. ತಾವು ಬರೆಸಿದ ನಿಯಮವನ್ನು ಅಳಿಸುವವರಲ್ಲ ಅವರು. ವಳಸಂಗದ ಗೆಳೆಯನ ಅಕ್ಷರ ದುಂಡಗಿತ್ತು. ಅವನಿಗೆ ಬಣ್ಣದ ಡಬ್ಬಿ ಮತ್ತು ಕುಂಚ ತರಲು ಹೇಳಿ, ಆ ಸಾಲಿನ ಮೇಲೆ ಸಣ್ಣದಾಗಿ ಒಂದು ಮಾತು ಬರೆಸಿದರು: ಪರವಾನಗಿ ಇಲ್ಲದೆ. ಪರವಾನಗಿ ಇಲ್ಲದೆ ಹೋಗುವವನ ಹೆಸರು ಮಾತ್ರ ತೆಗೆಯಲಾಗುವುದು. ಹುಡುಗರು ಪ್ರಾರ್ಥನೆಯ ಜಾಗವೆಂಬುದನ್ನೂ ಮರೆತು ಕೂಗಿದರು. ಗುರುಜಿ ಗಂಟೆ ಬಾರಿಸಿ ಎಲ್ಲರನ್ನೂ ಅಂಗಳ ಗುಡಿಸಲು ಓಡಿಸಿದರು.

ಪರೀಕ್ಷೆ ಬರೆದೆ. ಭೂಗೋಳದಲ್ಲಿ ನನಗೆ ಒಳ್ಳೆಯ ಅಂಕಗಳು ಬಂದವು. ಜೂನಿನಲ್ಲಿ ಫಲಿತಾಂಶ ಬಂದಾಗ ಮಾಮಾ ಸೊಲ್ಲಾಪುರಕ್ಕೆ ಬಂದ. ಕಂಬಳಿ ಹೊದ್ದುಕೊಂಡೇ ಬೋರ್ಡಿಂಗಿನ ಅಂಗಳದಲ್ಲಿ ನಿಂತು ಗುರುಜಿಗೆ ನಮಸ್ಕಾರ ಮಾಡಿದ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯಲಿಲ್ಲ, ನಾನು ನಡುವೆ ನಿಂತು ತಿಳಿಸಿದೆ. ಕಾಲೇಜಿಗೂ ನಾನು ಅದೇ ಬೋರ್ಡಿಂಗಿನಿಂದ ಹೋದೆ. ಪ್ರತಿ ಹಾಡಿಕೆಗೂ ಗುರುಜಿಯ ಪರವಾನಗಿ ಕೇಳಿ ಹೋದೆ. ಈಗ ಮಾಮಾ ಡೊಳ್ಳಿನ ಮುಂದೆ ನಿಂತು ಮೊದಲಿಗೇ ಸಾರುತ್ತಿದ್ದ, "ನಮ್ಮ ಹುಡುಗ ಮ್ಯಾಟ್ರಿಕ್ ಪಾಸ್ ಆಗ್ಯಾನ! ಕೇಳೂದು ನೋಡಿ ಕೇಳ್ರಿ!"

ಮರುವರ್ಷ ನದಿಯ ದಂಡೆಯ ಮೇಳದವರೂ ಒಬ್ಬ ಶಾಲೆಯ ಹುಡುಗನನ್ನು ಹುಡುಕಿ ತಂದರು. ಅವನೂ ನಮ್ಮ ಬೋರ್ಡಿಂಗಿನವನೇ, ಕೆಳಗಿನ ತರಗತಿಯವನು. ಒಂದು ಶನಿವಾರ ಇಬ್ಬರೂ ಒಟ್ಟಿಗೆ ಗುರುಜಿಯ ಮುಂದೆ ನಿಂತು ಪರವಾನಗಿ ಕೇಳಿದೆವು. ಅವರು ನಮ್ಮಿಬ್ಬರ ಟೊಪಗಿ ನೆಟ್ಟಗೆ ಮಾಡಿ, "ಯಾರೇ ಸೋಲಲಿ, ನಾಳೆ ಸಂಜೆಯ ಪ್ರಾರ್ಥನೆಗೆ ಇಬ್ಬರೂ ಇರಬೇಕು," ಎಂದರು. ಒಂದೇ ರೈಲಿನಲ್ಲಿ, ಒಂದೇ ಬೆಂಚಿನ ಮೇಲೆ ಕೂತು, ಪರಸ್ಪರರಿಗೆ ಹಾಕಲಿರುವ ಸವಾಲುಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ದುಧನಿಗೆ ಹೋದೆವು.